ಗಡುವಪ್ಪನ ನಿಜವಾದ ತಾರೀಖು

ಓದಿ ಓದಿ ಡಾಕ್ಟರೇಟು ಪಡೆದವರು ಕೂಡ ನೋಟೀಸು ಬೋರ್ಡಿನ ಮೇಲಿನ ನಾಲ್ಕು ಸಾಲು ಓದುವುದಿಲ್ಲ ಎಂಬುದು ಗಡುವಪ್ಪನ ಇಪ್ಪತ್ತೆರಡು ವರ್ಷಗಳ ಅಳಲು. ಅವನು ಕಾಲೇಜಿನ ಕಚೇರಿಯ ಸೂಪರಿಂಟೆಂಡೆಂಟ್. ಗಡುವಪ್ಪ ಎನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ. ಆಂತರಿಕ ಅಂಕ ಇಂಥ ದಿನದೊಳಗೆ ಕೊಡಿ, ಪ್ರಶ್ನೆಪತ್ರಿಕೆ ಇಂಥ ದಿನದೊಳಗೆ ಕೊಡಿ, ಲ್ಯಾಬಿನ ಗಾಜಿನ ಸಾಮಾನಿನ ಪಟ್ಟಿ ಇಂಥ ದಿನದೊಳಗೆ ಕೊಡಿ ಎಂದು ಗಡುವಿನ ಮೇಲೆ ಗಡುವು ಹೊರಡಿಸುವ ಮನುಷ್ಯನಿಗೆ ಸ್ಟಾಫ್ ರೂಮಿನವರು ಕಟ್ಟಿದ ಹೆಸರು ಅದು. ಈಗ ಎಷ್ಟು ಅಂಟಿಕೊಂಡಿದೆಯೆಂದರೆ, ಯಾರಾದರೂ ನಿಜವಾದ ಹೆಸರು ಹಿಡಿದು ಕೂಗಿದರೆ ಅವನೇ ಹಿಂದೆ ತಿರುಗಿ ಬೇರೆ ಯಾರನ್ನೋ ಹುಡುಕುತ್ತಾನೆ.

ಸುತ್ತೋಲೆ ಹೊರಡಿಸುವುದೆಂದರೆ ಹುಡುಗಾಟವಲ್ಲ. ಟೈಪು ಮಾಡಬೇಕು, ಪ್ರಿನ್ಸಿಪಾಲರ ಸಹಿ ಹಾಕಿಸಬೇಕು, ಗಾಜಿನ ಬಾಗಿಲಿನ ಬೋರ್ಡಿನೊಳಗೆ ನಾಲ್ಕು ಮೂಲೆಗೂ ಪಿನ್ನು ಚುಚ್ಚಬೇಕು (ಮೂರೇ ಮೂಲೆಗೆ ಚುಚ್ಚಿದರೆ ಕಾಗದ ಮುದುರಿಕೊಂಡು, ಕಾಣಿಸಲಿಲ್ಲ ಎನ್ನುವವರಿಗೆ ನೆಪ ಸಿಗುತ್ತದೆ), ಆಮೇಲೆ ಫೋನಿನ ಗ್ರೂಪಿಗೂ ಹಾಕಬೇಕು. ಹಾಕಿದ ಅರ್ಧ ನಿಮಿಷದಲ್ಲಿ ನಲವತ್ತು ಹೆಬ್ಬೆರಳುಗಳು ಮೇಲೇಳುತ್ತವೆ. ಹಾಗೆ ಬೆರಳೆತ್ತಿದವರಲ್ಲಿ ಮೂವತ್ತೊಂಬತ್ತು ಮಂದಿ ಮರುದಿನ ಕಚೇರಿಯ ಕಿಟಕಿಯಲ್ಲಿ ತಲೆ ತೂರಿಸಿ, "ಅದೇನೋ ಕೊಡಬೇಕಂತಲ್ಲ ಸರ್, ಯಾವತ್ತು?" ಎಂದು ಕೇಳುತ್ತಾರೆ. ನಲವತ್ತನೆಯವರು ಭೌತಶಾಸ್ತ್ರದ ಮುಖ್ಯಸ್ಥರು. ಅವರು ಕೇಳುವುದೂ ಇಲ್ಲ. ಏನು ಕೇಳಿದರೂ "ನಾಳೆ" ಎನ್ನುವುದರಿಂದ ಅವರಿಗೆ ನಾಳೆ ಮೇಷ್ಟ್ರು ಎಂದೇ ಹೆಸರು.

ಇಂಥವರನ್ನು ಕಟ್ಟಿಕೊಂಡು ಏಗಲು ಗಡುವಪ್ಪ ಕೆಲಸಕ್ಕೆ ಸೇರಿದ ವರ್ಷವೇ ಒಂದು ಮಹಾಸೂತ್ರ ಕಂಡುಹಿಡಿದಿದ್ದ. ಮೇಲಿನವರು ಹದಿನೈದಕ್ಕೆ ಕೇಳಿದರೆ ಸುತ್ತೋಲೆಯಲ್ಲಿ ಹತ್ತು ಎಂದು ಹಾಕುವುದು. ಹತ್ತಕ್ಕೆ ಒಬ್ಬಿಬ್ಬರು ಕೊಡುತ್ತಾರೆ. ಹನ್ನೆರಡಕ್ಕೆ ಅರ್ಧದಷ್ಟು ಜನ. ಹದಿನೈದರ ಮಧ್ಯಾಹ್ನಕ್ಕೆ ನಾಳೆ ಮೇಷ್ಟ್ರ ಕಾಗದವೂ ಬಂದು ಬೀಳುತ್ತದೆ. ಈ ಪಂಚದಿನ ಸೂತ್ರದ ಮಹಿಮೆಯಿಂದ ಕಾಲೇಜು ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಸಲವೂ ಮೇಲಿನವರ ಕೈಯಲ್ಲಿ ತಡವಾಯಿತು ಎಂದು ಅನ್ನಿಸಿಕೊಂಡಿರಲಿಲ್ಲ. ಪ್ರತಿ ಸುತ್ತೋಲೆಯ ಕೊನೆಗೂ "ಈ ದಿನಾಂಕವೇ ಅಂತಿಮ, ಯಾವುದೇ ಕಾರಣಕ್ಕೂ ವಿಸ್ತರಿಸಲಾಗುವುದಿಲ್ಲ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದ. ಸುಳ್ಳು ಹೇಳುವಾಗಲೂ ಸ್ಕೇಲು ಇಟ್ಟೇ ಗೆರೆ ಎಳೆಯುವ ಶಿಸ್ತಿನ ಮನುಷ್ಯ.

ಈ ಗುಟ್ಟು ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ ಗೊತ್ತು ಎಂದು ಅವನ ನಂಬಿಕೆ. ಆ ಒಬ್ಬರು ಅವನ ಹೆಂಡತಿ. ಅದೇ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕಿ, ಸ್ಟಾಫ್ ರೂಮಿನ ಬಾಯಲ್ಲಿ ಪಾಚಿ ಮೇಡಂ. ಬೇರೆಯವರು ಹೂವಿನ ಮುಂದೆ ನಿಂತು ಮೂಗರಳಿಸಿದರೆ, ಈಕೆ ಗೋಡೆಯ ಹಸಿರು ಪಾಚಿಯ ಮುಂದೆ ಭೂತಗನ್ನಡಿ ಹಿಡಿದು ಕುಕ್ಕರುಗಾಲಿನಲ್ಲಿ ಕೂರುವವಳು. ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಜಾಗದ ಪಕ್ಕದ ಗೋಡೆಯ ಮೇಲೆ ಹನ್ನೊಂದು ಬಗೆಯ ಪಾಚಿ ಇದೆ. ಅದನ್ನು ಯಾರೂ ಉಜ್ಜುವಂತಿಲ್ಲ. ಬೆಳಿಗ್ಗೆ ಸಂಜೆ ನೀರು ಚಿಮುಕಿಸಬೇಕು. "ಬೇರೆ ಮನೇಲಿ ಪಾಚಿ ಕಟ್ಟಿದ್ರೆ ಅತ್ತೆ ಸೊಸೆಗೆ ಬೈತಾಳೆ, ನಮ್ಮನೇಲಿ ಪಾಚಿ ಒಣಗಿದ್ರೆ ಸೊಸೆ ಅತ್ತೆಗೆ ಬೈತಾಳೆ" ಎಂದು ಗಡುವಪ್ಪನ ಅಮ್ಮ ಮನೆಗೆ ಬಂದವರೆಲ್ಲರ ಮುಂದೆ ಹೆಮ್ಮೆಯಿಂದ ದೂರುತ್ತಿದ್ದರು.

ಹೆಂಡತಿಯೂ ಈ ವಿದ್ಯೆಯಲ್ಲಿ ಕಡಿಮೆಯೇನಲ್ಲ. ಗಂಡ ಚಾಪೆಯ ಕೆಳಗೆ ನುಸುಳಿದರೆ ತಾನು ರಂಗೋಲಿಯ ಕೆಳಗೆ ನುಸುಳುವವಳು. ಕಚೇರಿಯಲ್ಲಿ ಹುಲಿಯಾದ ಗಡುವಪ್ಪ ಮನೆಯಲ್ಲಿ ಬೆಳಿಗ್ಗೆ ಪೇಪರು ಹಿಡಿದು ಕೂತನೆಂದರೆ ಜಗ್ಗಿದರೂ ಏಳುವವನಲ್ಲ. ಅದಕ್ಕೇ ಹಜಾರದ ಗಡಿಯಾರ ಸದಾ ಕಾಲು ಗಂಟೆ ಮುಂದೆ. ಇದು ಅವಳ ತವರಿನಿಂದ ಬಂದ ಬಳುವಳಿ. ಮದುವೆಯ ದಿನ ಮಾವನವರು ಅಳಿಯನಿಗೆ ಒಂದು ಗಂಟೆ ಮುಂಚಿನ ಸಮಯ ಹೇಳಿದ್ದರು. ಗಂಡು ಮುಕ್ಕಾಲು ಗಂಟೆ ತಡವಾಗಿ, ಬೆವರು ಒರೆಸಿಕೊಳ್ಳುತ್ತಾ ಬಂದಾಗ ಮಂಟಪದಲ್ಲಿ ಕುರ್ಚಿ ಹಾಕುವವರು ಬಿಟ್ಟರೆ ಇನ್ನಾರೂ ಇರಲಿಲ್ಲ. ಈ ಸತ್ಯ ಅವನಿಗೆ ತಿಳಿದದ್ದು ಮಗಳು ಶಾಲೆಗೆ ಸೇರಿದ ವರ್ಷ.

ಪಾಚಿ ಮೇಡಂಗೆ ಇದ್ದದ್ದು ಒಂದೇ ಆಸೆ. ಕಾಲೇಜು ವರ್ಷಕ್ಕೆ ಒಬ್ಬರಿಗೆ ಕೊಡುವ ಅಧ್ಯಯನ ರಜೆ ಪಡೆದು, ರೈಲಿನಲ್ಲಿ ಎಂಟು ಗಂಟೆ ದೂರದ ಸಂಶೋಧನಾ ಕೇಂದ್ರದಲ್ಲಿ ಒಂದು ವರ್ಷ ಕೂತು, ತನ್ನ ಪಾಚಿಯ ಪ್ರಬಂಧ ಮುಗಿಸಬೇಕು. ಹನ್ನೊಂದು ವರ್ಷದಿಂದ ಪ್ರತಿ ಸಲವೂ ಅರ್ಜಿ ತರುತ್ತಿದ್ದಳು, ಅರ್ಧ ತುಂಬಿ ನೀಲಿ ಫೈಲಿನಲ್ಲಿ ಇಡುತ್ತಿದ್ದಳು. ಒಂದು ವರ್ಷ ಮಗಳ ಪರೀಕ್ಷೆ. ಒಂದು ವರ್ಷ ಅತ್ತೆಯ ಸೊಂಟದ ಮೂಳೆ. ಆಮೇಲೆ ಮಗಳ ಮದುವೆ, ಹೆರಿಗೆ. ಒಂದು ವರ್ಷ ಗಡುವಪ್ಪನಿಗೇ ಕಾಮಾಲೆ ಹತ್ತಿ ಎರಡು ತಿಂಗಳು ಹಾಸಿಗೆ ಹಿಡಿದಿದ್ದ. ಆ ವರ್ಷದ ಅರ್ಜಿಯ ಬೆನ್ನಿಗೆ ಅವಳು ಅವನ ಮಾತ್ರೆಗಳ ವೇಳಾಪಟ್ಟಿ ಬರೆದುಕೊಂಡಿದ್ದಳು. ಆ ಹಾಳೆ ಈಗಲೂ ಫೈಲಿನಲ್ಲಿದೆ. ಗಡುವಪ್ಪ ಒಮ್ಮೆ ಅದನ್ನು ನೋಡಿ, ಇದ್ದ ಜಾಗದಲ್ಲೇ ಇಟ್ಟು ಬಂದಿದ್ದ.

ರಜೆ ಐವತ್ತು ತುಂಬದವರಿಗೆ ಮಾತ್ರ. ಅವಳಿಗೆ ಬರುವ ಸೆಪ್ಟೆಂಬರಿಗೆ ಐವತ್ತು ತುಂಬುತ್ತದೆ. ಈ ಸಲ ಬಿಟ್ಟರೆ ಇನ್ನಿಲ್ಲ.

"ರೀ, ಈ ಸಲ ನಾನು ಅರ್ಜಿ ಕೊಟ್ಟೇ ಕೊಡ್ತೀನಿ" ಎಂದಳು ಒಂದು ದಿನ ತಟ್ಟೆ ಇಡುತ್ತಾ. "ಆದ್ರೆ ನೀವು ನಡುವೆ ಬಾಯಿ ಹಾಕಬಾರ್ದು. ಸೂಪರಿಂಟೆಂಡೆಂಟ್ ಹೆಂಡತಿ ಅಂತ ಕೊಟ್ರು ಅನ್ನೋ ಮಾತು ನಂಗೆ ಬೇಡ. ಮನೇಲಿ ಈ ವಿಷಯ ಎತ್ತಲೇಬೇಡಿ."

"ಎತ್ತಲ್ಲ."

"ಮಾತು ಕೊಡಿ."

"ಬರೆದು ಕೊಡ್ಲಾ?"

"ಬೇಡಪ್ಪ. ನೀವು ಬರೆದದ್ದನ್ನ ಐದು ದಿನ ಸೇರಿಸ್ಕೊಂಡು ಓದಬೇಕಾಗುತ್ತೆ. ಬಾಯಲ್ಲಿ ಹೇಳಿದ್ರೆ ಸಾಕು."

ಬಾಯಲ್ಲೇ ಹೇಳಿದ. ಕೊಟ್ಟ ಮಾತಿಗೆ ತಪ್ಪುವ ಗಂಡಸಲ್ಲ ಗಡುವಪ್ಪ. (ತಪ್ಪಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.)

ಮಾರನೆಯ ವಾರ ಪ್ರಿನ್ಸಿಪಾಲರು ಅವನನ್ನು ಕರೆದರು. ಅವರು ಆ ವರ್ಷವೇ ಬಂದವರು, ಗಣಿತದವರು, ಕಡಿಮೆ ಮಾತಿನ ಹೆಂಗಸು. "ಅಧ್ಯಯನ ರಜೆ ಅರ್ಜಿ ಬರೋ ಶುಕ್ರವಾರ ಸಂಜೆ ಐದು ಗಂಟೆಯೊಳಗೆ ನನ್ನ ಮೇಜಿಗೆ ಬರಬೇಕು" ಎಂದರು. "ಇದು ನಿಜವಾದ ತಾರೀಖು. ಇದನ್ನೇ ಹಾಕಿ. ನಿಮ್ಮ ಕೈಚಳಕ ಏನೂ ಬೇಡ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಗಡುವಪ್ಪ ಅಂಗಿಯ ಕಾಲರು ಸರಿಮಾಡಿಕೊಂಡ. "ಕೈಚಳಕ ಅಂದ್ರೆ ಏನು ಮೇಡಂ?"

"ನಾನು ಲೆಕ್ಕದ ಮೇಷ್ಟ್ರು. ಯಾರು ಎಲ್ಲಿ ಎಷ್ಟು ಕಳೀತಾರೆ ಅಂತ ಗೊತ್ತಾಗುತ್ತೆ. ಹೋಗಿ, ಟೈಪ್ ಮಾಡಿಸಿ."

ಗಡುವಪ್ಪ ತಾನೇ ಟೈಪು ಮಾಡಲು ಕೂತ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ನಿಜವಾದ ತಾರೀಖು ಬರೆಯಬೇಕಾಗಿತ್ತು, ಕೈ ಓಡಲೇ ಇಲ್ಲ. "ಈ ದಿನಾಂಕವೇ ಅಂತಿಮ" ಎಂದು ಬರೆದ. ಇದನ್ನು ಹಿಂದಿನ ನಾನೂರು ಸುಳ್ಳು ತಾರೀಖುಗಳಿಗೂ ಬರೆದಾಗಿತ್ತು. "ವಿಸ್ತರಿಸಲಾಗುವುದಿಲ್ಲ" ಎಂದ. ಅದೂ ಅಷ್ಟೇ. "ನಿಜವಾಗಿಯೂ ಅಂತಿಮ" ಎಂದು ಸೇರಿಸಿದ, ಹೋಟೆಲಿನವನು ನಿಜವಾಗಿಯೂ ಬಿಸಿ ಇದೆ ಎಂದಂತೆ ಕಂಡಿತು, ಅಳಿಸಿದ. ಕೊನೆಗೆ ಎರಡರ ಬದಲು ಮೂರು ಗೆರೆ ಎಳೆದು ಬೋರ್ಡಿಗೆ ಚುಚ್ಚಿದ. ಗ್ರೂಪಿನಲ್ಲಿ ನಲವತ್ತು ಹೆಬ್ಬೆರಳು ಎದ್ದವು. ನಲವತ್ತರಲ್ಲಿ ಒಂದು ಪಾಚಿ ಮೇಡಂದು.

ಆಗ ಅವನ ತಲೆಗೆ ಹೊಳೆಯಿತು. ಇವಳು ಐದು ದಿನ ಸೇರಿಸಿಕೊಂಡು ಓದುವವಳು. ಶುಕ್ರವಾರ ಎಂದರೆ ಬುಧವಾರ ಎಂದುಕೊಳ್ಳುವವಳು. ಹೇಳೋಣವೆಂದರೆ ಕೊಟ್ಟ ಮಾತು ಗಂಟಲಲ್ಲಿ ಅಡ್ಡ ಕೂತಿತ್ತು. ಮಾತೂ ಮುರಿಯಬಾರದು, ವಿಷಯವೂ ಮುಟ್ಟಬೇಕು ಎಂದು ಎರಡು ದಿನ ಯೋಚಿಸಿ, ಬುಧವಾರ ಊಟದ ಹೊತ್ತಿಗೆ ಒಂದು ರಾಜತಾಂತ್ರಿಕ ಹೆಜ್ಜೆ ಇಟ್ಟ.

"ಶುಕ್ರವಾರ ಅನ್ನೋದು ಎಷ್ಟು ಒಳ್ಳೆ ದಿನ ಅಲ್ವಾ?"

"ಯಾಕೆ?" ಎಂದಳು ಹೆಂಡತಿ.

"ಸುಮ್ನೆ ಹೇಳಿದೆ. ಐದು ಗಂಟೆಯೊಳಗೆ ಎಲ್ಲಾ ಕೆಲಸ ಮುಗಿಸ್ಕೊಂಡುಬಿಟ್ರೆ ಮನಸ್ಸಿಗೆ ಎಷ್ಟು ಹಗುರ."

"ಇವನ ಹಣೆ ಮುಟ್ಟಿ ನೋಡೇ" ಎಂದರು ಅಮ್ಮ. "ಜ್ವರ ಬಂದಿರ್ಬೇಕು."

ಹೆಂಡತಿ ಹಣೆ ಮುಟ್ಟಲಿಲ್ಲ. ಅವನ ಮುಖವನ್ನೇ ಒಂದು ಗಳಿಗೆ ನೋಡಿ, ತುಟಿಯಂಚಿನಲ್ಲಿ ನಕ್ಕು, ಎರಡನೇ ಸಲ ಬಡಿಸಿದಳು. ಗುರುವಾರವೂ ಗಡುವಪ್ಪ "ನಾಳೆ ಐದು ಗಂಟೆ" ಎಂದು ಗಾಳಿಗೆ ಹೇಳಿದಂತೆ ಹೇಳಿದ. ಗುರುವಾರವೂ ಅವಳು ನಕ್ಕಳು. ಅರ್ಥವಾಗಿದೆ, ಜಾಣೆ, ಎಂದುಕೊಂಡು ನೆಮ್ಮದಿಯಿಂದ ಮಲಗಿದ.

ಶುಕ್ರವಾರ ಮಧ್ಯಾಹ್ನ ಅವನ ಮೇಜಿಗೆ ಒಂದು ಚೀಟಿ ಬಂತು. ಪಾಚಿ ಮೇಡಂಗೆ ಅರ್ಧ ದಿನ ರಜೆ, ಕಾರಣ ಸ್ವಂತ ಕೆಲಸ. ಮನೆಗೆ ಹೋಗಿ ಅರ್ಜಿ ತುಂಬುತ್ತಿದ್ದಾಳೆ ಎಂದು ಗಡುವಪ್ಪ ಹಿಗ್ಗಿದ. ಮೂರು ಗಂಟೆಯಾಯಿತು. ಮೂರೂವರೆಯಾಯಿತು. ನಾಲ್ಕಾದರೂ ಅವಳ ಸುಳಿವಿಲ್ಲ. ಅರ್ಜಿಯ ಪೆಟ್ಟಿಗೆ ತೆರೆದು ನೋಡಿದರೆ ಒಳಗಿದ್ದದ್ದು ಒಂದೇ ಅರ್ಜಿ, ಹಿಂದಿನ ತಿಂಗಳಷ್ಟೇ ಕೆಲಸಕ್ಕೆ ಸೇರಿದ ವಾಣಿಜ್ಯ ವಿಭಾಗದ ಹೊಸ ಅಧ್ಯಾಪಕಿಯದು. ಹೆಂಡತಿಗೆ ಫೋನು ಮಾಡಿದ. ಫೋನು ಎದುರಿನ ಸಸ್ಯಶಾಸ್ತ್ರ ಲ್ಯಾಬಿನಲ್ಲಿ, ಚಾರ್ಜಿಗೆ ಹಾಕಿದ ಜಾಗದಲ್ಲೇ ಗುಂಯ್‌ಗುಟ್ಟಿತು. ಅಮ್ಮನಿಗೆ ಮಾಡಿದ. ಅಮ್ಮ ಎತ್ತಿ, "ಇವತ್ತು ಬೇಗ ಬರ್ತೀಯಂತಲ್ಲೋ, ಬಾ ಬಾ" ಎಂದವರೇ ಅವನ ಮಾತು ಕೇಳದೆ ಇಟ್ಟುಬಿಟ್ಟರು.

ಗಡುವಪ್ಪ ಎದ್ದ. ಅವನು ಐದಕ್ಕೆ ಮೊದಲು ಕುರ್ಚಿ ಬಿಟ್ಟದ್ದನ್ನು ನೋಡಿ ಟೈಪಿಸ್ಟಮ್ಮ ಯಾರೋ ಹೋಗಿಬಿಟ್ಟಿರಬೇಕು ಎಂದು ಎದ್ದು ನಿಂತರು. ಸ್ಕೂಟರು ಒದ್ದ. ಮನೆಗೆ ಹತ್ತು ನಿಮಿಷದ ದಾರಿ.

ಹಜಾರದಲ್ಲಿ ಹೆಂಡತಿ ಬೀರುವಿನ ಮೇಲಿನ ಅರೆಯ ಬಟ್ಟೆ ತೊಟ್ಟು, ಕಿವಿಗೆ ಒಳ್ಳೆಯ ಓಲೆ ಹಾಕಿಕೊಂಡು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಐದು ಗಂಟೆ ಅಂದ್ರಿ, ಇಷ್ಟು ಬೇಗ ಬಂದ್ರಲ್ಲ" ಎಂದಳು. ಮುಖದಲ್ಲಿ ನಾಚಿಕೆ ಬೇರೆ. "ಎಲ್ಲಿಗೆ ಕರ್ಕೊಂಡು ಹೋಗ್ತೀರಾ?"

"ಕಾಲೇಜಿಗೆ."

"ಏನಂದ್ರಿ?"

"ಅರ್ಜಿ ಎಲ್ಲಿ? ಅಧ್ಯಯನ ರಜೆ ಅರ್ಜಿ. ಇವತ್ತೇ ಕೊನೇ ದಿನ. ಐದು ಗಂಟೆಗೆ."

ಹೆಂಡತಿಯ ಮುಖ ಇಳಿಯಿತು. ಎರಡು ದಿನದಿಂದ ಶುಕ್ರವಾರ, ಐದು ಗಂಟೆ ಎಂದು ಗುನುಗುತ್ತಿದ್ದ ಗಂಡ ಎಷ್ಟೋ ವರ್ಷಗಳ ಮೇಲೆ ಎಲ್ಲಿಗೋ ಸುತ್ತಾಡಲು ಕರೆದೊಯ್ಯುತ್ತಾನೆ ಎಂದುಕೊಂಡು ಅರ್ಧ ದಿನ ರಜೆ ಹಾಕಿ, ತಲೆ ಬಾಚಿಕೊಂಡು ಕೂತವಳು ಅವಳು. "ಅದಕ್ಕಾ?" ಎಂದಳು. "ಅದಕ್ಕೆ ಇನ್ನೂ ಬುಧವಾರದ ತನಕ ಟೈಮಿದೆ. ನಿಮ್ಮ ಸುತ್ತೋಲೆ ನಂಗೆ ಗೊತ್ತಿಲ್ವಾ?"

"ಇದು ನಿಜವಾದ ತಾರೀಖು."

"ಹೋದ ವರ್ಷ ವಿಮೆ ಫಾರಂಗೂ ಹೀಗೇ ಅಂದಿದ್ರಿ."

"ಅದು ಸುಳ್ಳು. ಇದು ನಿಜ. ಮೂರು ಗೆರೆ ಎಳೆದಿದ್ದೆ, ನೋಡ್ಲಿಲ್ವಾ?"

"ಸ್ಕೇಲು ಜಾರಿದೆ ಅಂದ್ಕೊಂಡೆ."

"ನೋಡು, ನಾನು ಜೀವಮಾನದಲ್ಲಿ ನಿಂಗೆ ಏನೇನು ಸುಳ್ಳು ಹೇಳಿದ್ದೀನೋ ಎಲ್ಲಾ ಒಪ್ಕೋತೀನಿ. ಇದೊಂದನ್ನ ನಂಬು." ನಿಜ ಹೇಳಿ ಅಭ್ಯಾಸವಿಲ್ಲದವನಿಗೆ ನಂಬಿಸುವುದು ಹೇಗೆಂದೂ ತಿಳಿಯುವುದಿಲ್ಲ. ಹೆಂಡತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವನ ಅಂಗಿಯ ಜೇಬಿನತ್ತ ಅವಳ ಕಣ್ಣು ಹೋಯಿತು.

"ಕಚೇರಿ ಬೀರು ಕೀಲಿ ಎಲ್ಲಿ?"

"ಬೀರುವಿನಲ್ಲೇ ಇದೆ."

"ಬೀಗ?"

"ಹಾಕಿಲ್ಲ."

ಹೆಂಡತಿ ಧಡಕ್ಕನೆ ಎದ್ದಳು. ಸ್ವಂತ ತಂಗಿಯ ಮದುವೆಗೆ ಹೊರಟವನು ಅರ್ಧ ದಾರಿಯಿಂದ ಹಿಂದಿರುಗಿ ಕಚೇರಿಯ ಬೀರುವಿನ ಬೀಗ ಎಳೆದು ನೋಡಿ ಬಂದಿದ್ದ ಮನುಷ್ಯ ಅವಳ ಗಂಡ. ಅವನು ಬೀರು ತೆರೆದಿಟ್ಟು ಬಂದಿದ್ದಾನೆಂದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ನೀಲಿ ಫೈಲು ತಂದು ಮೇಜಿನ ಮೇಲೆ ಹರವಿದಳು. ಪ್ರಬಂಧದ ಸಾರಾಂಶವನ್ನು ಅವಳು ಪ್ರತಿ ಮಾಡುವುದು, ಹೆಸರು ವಿಳಾಸದ ಪುಟವನ್ನು ಅವನು ತುಂಬುವುದು ಎಂದು ಹಂಚಿಕೊಂಡು ಇಬ್ಬರೂ ಬಗ್ಗಿದರು. ಅಮ್ಮ ಪಕ್ಕದಲ್ಲಿ ನಿಂತು "ಐದಕ್ಕೆ ಐದು ನಿಮಿಷ... ಐದಕ್ಕೆ ನಾಲ್ಕು ನಿಮಿಷ" ಎಂದು ಹಜಾರದ ಗಡಿಯಾರ ನೋಡಿ ಕೂಗುತ್ತಿದ್ದರು. ಅದು ಕಾಲು ಗಂಟೆ ಮುಂದಿದೆ ಎಂದು ಮೂವರಿಗೂ ಗೊತ್ತಿತ್ತು, ಆದರೂ ಮೂವರ ಎದೆಯೂ ಹೊಡೆದುಕೊಳ್ಳುತ್ತಿತ್ತು.

ಇನ್ನೊಂದು ತೊಡಕಿತ್ತು. ಅರ್ಜಿಗೆ ಹಿರಿಯ ಮುಖ್ಯಸ್ಥರೊಬ್ಬರ ಶಿಫಾರಸಿನ ಸಹಿ ಬೇಕು. ಕಾಲೇಜಿನ ಅತಿ ಹಿರಿಯ ಮುಖ್ಯಸ್ಥರು ನಾಳೆ ಮೇಷ್ಟ್ರು. ಸ್ಕೂಟರು ಕಾಲೇಜು ಮುಟ್ಟಿದಾಗ ಪುಣ್ಯಕ್ಕೆ ಅವರು ಗೇಟಿನ ಹತ್ತಿರವೇ ಸಿಕ್ಕರು. ಗಡುವಪ್ಪ ಸ್ಕೂಟರಿನ ಸೀಟಿನ ಮೇಲೆ ಕಾಗದ ಇಟ್ಟು ಪೆನ್ನು ಚಾಚಿದ.

"ನಾಳೆ ಹಾ..." ಎಂದರು ಮೇಷ್ಟ್ರು.

"ನಾಳೆ ಇಲ್ಲ ಸರ್. ಇವತ್ತೇ ಕೊನೆ."

"ಇದೇನ್ರೀ ಹೀಗಂತೀರಾ? ಇವತ್ತು ಅಂದ್ರೆ ಬುಧವಾರ ಅಲ್ವಾ?"

ಗಡುವಪ್ಪ ಪೆನ್ನು ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದ. "ನಿಮಗೆ ಹೇಗೆ ಗೊತ್ತು?"

"ಎಲ್ರಿಗೂ ಗೊತ್ತು. ಹೊಸಬರು ಸೇರಿದ್ರೆ ಮೊದಲು ಬಚ್ಚಲು ಎಲ್ಲಿದೆ ಅಂತ ತೋರಿಸ್ತೀವಿ, ಆಮೇಲೆ ನಿಮ್ಮ ಐದು ದಿನದ ಲೆಕ್ಕ ಹೇಳಿಕೊಡ್ತೀವಿ. ಪಾಪ, ಆ ವಾಣಿಜ್ಯದ ಹುಡುಗಿಗೆ ಹೇಳೋದು ಮರೆತೋಯ್ತು." ಮೇಷ್ಟ್ರು ಸಹಿ ಹಾಕುತ್ತಾ ಕನಿಕರದಿಂದ ನೋಡಿದರು. "ಬೇಜಾರು ಮಾಡ್ಕೋಬೇಡಿ. ನಿಮ್ಮನ್ನ ನಂಬಿಕೊಂಡೇ ನಾವೆಲ್ಲ ತಡ ಮಾಡೋದು."

ಬೇಜಾರು ಮಾಡಿಕೊಳ್ಳಲು ಪುರುಸೊತ್ತಿರಲಿಲ್ಲ. ಗಂಡ ಹೆಂಡತಿ ಮೆಟ್ಟಿಲು ಹತ್ತಿ ಓಡಿದರು. ಒಳ್ಳೆಯ ಬಟ್ಟೆ ತೊಟ್ಟು ಓಡುವ ಪಾಚಿ ಮೇಡಂ, ಹಿಂದೆ ಹೆಲ್ಮೆಟ್ಟು ತೆಗೆಯದ ಗಡುವಪ್ಪ. ಪ್ರಿನ್ಸಿಪಾಲರ ಕೋಣೆಯ ಗಡಿಯಾರದಲ್ಲಿ ಐದು ಗಂಟೆ ಎರಡು ನಿಮಿಷ. ಪ್ರಿನ್ಸಿಪಾಲರು ಚಹಾ ಕುಡಿಯುತ್ತಿದ್ದರು.

"ಮೇಡಂ, ಎರಡೇ ನಿಮಿಷ ತಡ" ಎಂದು ಗಡುವಪ್ಪ ಏದುಸಿರಿನಲ್ಲಿ ಅರ್ಜಿ ಚಾಚಿದ. ಇಪ್ಪತ್ತೆರಡು ವರ್ಷಗಳಿಂದ ಬೇರೆಯವರ ಬಾಯಲ್ಲಿ ಕೇಳಿದ ಮಾತು ಈಗ ತನ್ನ ಬಾಯಲ್ಲಿ ಬಂತು. "ತಪ್ಪು ನಂದು. ಇವಳದ್ದಲ್ಲ. ದಯವಿಟ್ಟು ತಗೋಬೇಕು. ಹನ್ನೊಂದು ವರ್ಷದಿಂದ ಕಾದಿದ್ದಾಳೆ."

"ಮೊದಲು ಕೂತ್ಕೊಳ್ಳಿ, ಇಬ್ರೂ" ಎಂದರು ಪ್ರಿನ್ಸಿಪಾಲರು. "ಹೆಲ್ಮೆಟ್ ತೆಗೀರಿ. ಆಡಳಿತ ಮಂಡಳಿಯವರು ಕೇಳಿರೋದು ಬುಧವಾರಕ್ಕೆ."

ಗಡುವಪ್ಪ ಕೂರಲಿಲ್ಲ. "ನಿಜವಾದ ತಾರೀಖು ಅಂದ್ರಿ?"

"ಅಂದೆ. ನೀವು ಐದು ಕಳೀತೀರಾ, ಅವ್ರು ಐದು ಕೂಡಿಸ್ಕೋತಾರೆ, ಸರಿಯಾದ ದಿನಕ್ಕೇ ಬರುತ್ತೆ. ನೀವು ಒಂದು ಸಲ ನಿಜ ಹಾಕಿಬಿಟ್ರೆ ಇಡೀ ಕಾಲೇಜು ಐದು ದಿನ ತಡ. ಅದಕ್ಕೆ ಈ ಸಲ ನಾನೇ ಕಳೆದು ಕೊಟ್ಟೆ. ಬರೀ ಶುಕ್ರವಾರ ಅಂದಿದ್ರೆ ನೀವು ಅದರಲ್ಲೂ ಐದು ಕಳೀತಿದ್ರೋ ಏನೋ ಅಂತ ಭಯ ಆಯ್ತು, ಅದಕ್ಕೇ ನಿಜವಾದ ತಾರೀಖು ಅಂದುಬಿಟ್ಟೆ."

ಜೀವಮಾನದಲ್ಲಿ ಹೇಳಿದ ಒಂದೇ ಒಂದು ನಿಜವೂ ಸುಳ್ಳಾಗಿತ್ತು. ಗಡುವಪ್ಪ ಹೆಂಡತಿಯ ಕಡೆ ತಿರುಗಿ ನೋಡಲು ಹೆದರಿ ಗೋಡೆಯನ್ನೇ ನೋಡುತ್ತ ನಿಂತ. ಪ್ರಿನ್ಸಿಪಾಲರು ಅರ್ಜಿಯ ಮೊದಲ ಪುಟ ತಿರುಗಿಸಿ ಹುಬ್ಬು ಗಂಟಿಕ್ಕಿದರು.

"ಇದನ್ನ ಬರೆದದ್ದು ಯಾರು?"

"ನಾನೇ" ಎಂದ ಗಡುವಪ್ಪ.

"ಹುಟ್ಟಿದ ತಾರೀಖು ನಿಮ್ಮದೇ ಹಾಕಿದ್ದೀರಾ. ಇದರ ಪ್ರಕಾರ ಅರ್ಜಿದಾರರಿಗೆ ಐವತ್ತಾರು ವರ್ಷ. ಇದು ಹೀಗೇ ಹೋಗಿದ್ರೆ ಮಂಡಳಿಯವರು ಮೊದಲ ಸಾಲಿನಲ್ಲೇ ಪಕ್ಕಕ್ಕೆ ಇಡ್ತಿದ್ರು." ಪುಟವನ್ನು ಪಾಚಿ ಮೇಡಂ ಕೈಗೆ ಕೊಟ್ಟರು. "ಬುಧವಾರ ನಿಧಾನವಾಗಿ ಬರೆದು ತನ್ನಿ. ನೀವೇ ಬರೀರಿ."

ಹೊರಗೆ ಬಂದ ಮೇಲೆ ಅವಳಿಗೆ ನಗು ಬಂತು. ಮೆಟ್ಟಿಲಿನ ಕಂಬಿ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗಡುವಪ್ಪ ಕಚೇರಿಗೆ ಹೋಗಿ ಬೀರುವಿಗೆ ಬೀಗ ಹಾಕಿ ಎರಡು ಸಲ ಎಳೆದು ನೋಡಿ ಬಂದ. "ಹೇಗೂ ಒಳ್ಳೆ ಬಟ್ಟೆ ಹಾಕ್ಕೊಂಡಿದ್ದೀನಿ" ಎಂದಳು. ಇಬ್ಬರೂ ಬೀದಿಯ ತಿರುವಿನ ಐಸ್‌ಕ್ರೀಮ್ ಅಂಗಡಿಗೆ ಹೋಗಿ ಫ್ಯಾನಿನ ಕೆಳಗಿನ ಮೇಜು ಹಿಡಿದರು.

"ಒಂದು ಮಾತು ಕೇಳ್ಲಾ?" ಎಂದ ಗಡುವಪ್ಪ. "ಹನ್ನೊಂದು ವರ್ಷದಿಂದ ಕಾದವಳು ಸುತ್ತೋಲೆ ಬಂದ ದಿನವೇ ಅರ್ಜಿ ಯಾಕೆ ಕೊಡ್ಲಿಲ್ಲ?"

ಅವಳು ಚಮಚವನ್ನು ಬಟ್ಟಲಲ್ಲಿ ತಿರುಗಿಸಿದಳು. "ಕೊಟ್ಟುಬಿಟ್ರೆ ಹೋಗ್ಬೇಕಾಗುತ್ತಲ್ಲ. ಒಂದು ವರ್ಷ. ಅತ್ತೆ ಇದ್ದಾರೆ. ನೀವು ಒಂದು ಕಾಲುಚೀಲಕ್ಕೆ ಜೊತೆ ಹುಡುಕೋಕೆ ಅರ್ಧ ಗಂಟೆ ತಗೋತೀರಾ. ಎಷ್ಟು ದಿನ ಸಿಗುತ್ತೋ ಅಷ್ಟು ದಿನ ಇಟ್ಕೊಳ್ಳೋಣ ಅನ್ನಿಸ್ತು."

ಅವಳಿಲ್ಲದ ಮನೆಯನ್ನು ಗಡುವಪ್ಪನೂ ಆವರೆಗೆ ಯೋಚಿಸಿರಲಿಲ್ಲ. ತನ್ನ ಬಟ್ಟಲನ್ನು ಅವಳ ಕಡೆ ತಳ್ಳಿ, "ಬುಧವಾರ ತಂದುಕೊಡು. ಸೀಲು ನಾನು ಹೊಡೀತೀನಿ" ಎಂದ. ಬುಧವಾರ ಹನ್ನೊಂದು ಗಂಟೆಗೇ ಅವಳು ತಂದಳು. ಅವನು ಸ್ವೀಕರಿಸಲಾಗಿದೆ ಎಂಬ ಸೀಲನ್ನು ಶಾಯಿಯ ಡಬ್ಬಿಗೆ ಮೂರು ಸಲ ಒತ್ತಿ, ಎಂದೂ ಹೊಡೆಯದಷ್ಟು ನೇರವಾಗಿ ಹೊಡೆದ. ತಿಂಗಳಲ್ಲಿ ಮಂಜೂರಾತಿ ಬಂತು. ಆ ಆದೇಶವನ್ನು ಬೋರ್ಡಿಗೆ ಚುಚ್ಚುವಾಗ ನಾಲ್ಕು ಪಿನ್ನಿನ ಜಾಗದಲ್ಲಿ ಎಂಟು ಚುಚ್ಚಿದ.

ಜುಲೈನಲ್ಲಿ ಅವಳು ಹೊರಟಳು. ನಾಲ್ಕು ಗಂಟೆಗೆ ರೈಲು ಎಂದಿದ್ದಳು, ಟಿಕೆಟ್ಟು ತನ್ನ ಕೈಚೀಲದಲ್ಲೇ ಇಟ್ಟುಕೊಂಡಿದ್ದಳು. ಗಡುವಪ್ಪ ತನ್ನ ಕಡೆಯಿಂದ, ದಾರಿಯೆಲ್ಲ ಅಗೆದಿದ್ದಾರೆ, ಒಂದೂವರೆ ಗಂಟೆ ಬೇಕು ಎಂದು ಹೇಳಿ ಎರಡಕ್ಕೇ ಟ್ಯಾಕ್ಸಿ ಕರೆಸಿದ. ದಾರಿ ಯಾರೂ ಅಗೆದಿರಲಿಲ್ಲ. ಇಪ್ಪತ್ತು ನಿಮಿಷಕ್ಕೆ ಸ್ಟೇಷನ್ನಿನಲ್ಲಿದ್ದರು. ಗಡುವಪ್ಪ ಪೆಟ್ಟಿಗೆ ಇಳಿಸಿ, ಬೋರ್ಡು ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ರೈಲು ಆರು ಗಂಟೆಗೆ.

"ನಾಲ್ಕು ಅಂದಿದ್ದೆಯಲ್ಲೇ?"

"ದಾರಿ ಅಗೆದಿದ್ದಾರೆ ಅಂದಿದ್ರಿ?"

ಇಬ್ಬರ ಸುಳ್ಳು ಸೇರಿ ಮೂರು ಗಂಟೆ ನಲವತ್ತು ನಿಮಿಷವಾಗಿತ್ತು. ಮೂರನೇ ಪ್ಲಾಟ್‌ಫಾರಂನ ಕೊನೆಯ ಬೆಂಚಿನ ಮೇಲೆ ಕೂತರು. ಗಡುವಪ್ಪ ಹತ್ತು ನಿಮಿಷ ಗೊಣಗಿದ. ಇಷ್ಟು ಹೊತ್ತಿನಲ್ಲಿ ಎರಡು ಸುತ್ತೋಲೆ ಹೊರಡಿಸಬಹುದಿತ್ತು ಎಂದ.

"ನಿಮಗೆ ಆರು ಅಂತ ಹೇಳಿದ್ರೆ ಐದೂ ಮುಕ್ಕಾಲಿಗೆ ಕರ್ಕೊಂಡು ಬಂದು, ಪೆಟ್ಟಿಗೆ ಹತ್ತಿಸಿ, 'ಸರಿ, ಫೋನ್ ಮಾಡು' ಅಂತ ತಿರುಗಿ ಹೋಗ್ತಿದ್ರಿ" ಎಂದಳು ಹೆಂಡತಿ. "ನಾವಿಬ್ರೂ ಏನೂ ಕೆಲಸ ಇಲ್ದೆ ಎರಡು ಗಂಟೆ ಒಟ್ಟಿಗೆ ಕೂತು ಎಷ್ಟು ವರ್ಷ ಆಯ್ತು ಹೇಳಿ."

ಗಡುವಪ್ಪ ಲೆಕ್ಕ ಹಾಕಲು ಹೋದ. ಕಾಮಾಲೆಯ ವರ್ಷ ನೆನಪಾಯಿತು, ಆದರೆ ಆಗ ಅವಳು ಕೂತಿರಲಿಲ್ಲ. ಗೊಣಗುವುದನ್ನು ನಿಲ್ಲಿಸಿದ. ಅವಳು ಪಾಚಿಗೆ ನೀರು ಹೇಗೆ ಚಿಮುಕಿಸಬೇಕು, ಪೈಪು ಹಿಡಿಯಬಾರದು, ಬೆರಳಲ್ಲೇ ಚಿಮುಕಿಸಬೇಕು ಎಂದು ನಾಲ್ಕನೇ ಸಲ ಹೇಳಿದಳು. ಅವನು ನಾಲ್ಕನೇ ಸಲವೂ ಮೊದಲ ಸಲ ಕೇಳಿದಂತೆ ಕೇಳಿದ. ಮಧ್ಯೆ ಕಡಲೆಕಾಯಿ ತಿಂದರು. ಪೆಟ್ಟಿಗೆಯ ಮೇಲೆ ಇಬ್ಬರ ಕೈಯೂ ಇತ್ತು, ಯಾರೂ ತೆಗೆಯಲಿಲ್ಲ. ಆರಕ್ಕೆ ಹತ್ತು ನಿಮಿಷವಿದ್ದಾಗ ಮೈಕಿನಲ್ಲಿ ಪ್ರಕಟಣೆ ಬಂತು. ರೈಲು ನಲವತ್ತು ನಿಮಿಷ ತಡ. ಸುತ್ತಲಿದ್ದವರೆಲ್ಲ ರೈಲಿನವರಿಗೆ ಬೈದರು. ತಡ ಎಂಬ ಮಾತು ಕೇಳಿದರೇ ಉರಿದು ಬೀಳುವ ಗಡುವಪ್ಪ ಮಾತ್ರ ಎದ್ದು ಹೋಗಿ ಇನ್ನೊಂದು ಪೊಟ್ಟಣ ಕಡಲೆಕಾಯಿ ತಂದ.

ರೈಲು ಹೊರಡುವ ಮೊದಲು ಕಿಟಕಿಯ ಬಳಿ ನಿಂತು ಕೇಳಿದ. "ಮೊದಲ ರಜೆಗೆ ಯಾವತ್ತು ಬರ್ತೀಯ?"

"ಅಕ್ಟೋಬರ್ ಮೂವತ್ತೊಂದು."

ಮನೆಗೆ ಬಂದವನೇ ಗಡುವಪ್ಪ ಹಿತ್ತಲಿಗೆ ಹೋಗಿ ಬೆರಳಲ್ಲೇ ನೀರು ಚಿಮುಕಿಸಿದ. ಆಮೇಲೆ ಒಳಗೆ ಬಂದು ಕ್ಯಾಲೆಂಡರಿನಲ್ಲಿ ಅಕ್ಟೋಬರ್ ಪುಟ ತೆಗೆದು, ಮೂವತ್ತೊಂದಕ್ಕೆ ಸುತ್ತು ಹಾಕಿದ. ಒಂದು ಗಳಿಗೆ ಯೋಚಿಸಿ, ಇಪ್ಪತ್ತಾರಕ್ಕೂ ಒಂದು ಸುತ್ತು ಹಾಕಿದ. ಅಮ್ಮ ಕುರ್ಚಿಯಿಂದಲೇ ನೋಡುತ್ತಿದ್ದರು.

"ಎರಡೂ ತಪ್ಪೋ" ಎಂದರು. "ನನಗೆ ಇಪ್ಪತ್ತೊಂದು ಅಂತ ಹೇಳಿ ಹೋಗಿದ್ದಾಳೆ."

ಗಡುವಪ್ಪ ಇಪ್ಪತ್ತೊಂದಕ್ಕೆ ಸುತ್ತು ಹಾಕಿದ. ಪೆನ್ಸಿಲು ಕೆಳಗಿಟ್ಟು ಎರಡು ಹೆಜ್ಜೆ ನಡೆದವನು ಮತ್ತೆ ಹಿಂದಿರುಗಿ, ಯಾವುದಕ್ಕೂ ಇರಲಿ ಎಂದು ಹದಿನಾರಕ್ಕೂ ಒಂದು ಸುತ್ತು ಹಾಕಿದ.